ಎಲೆಕ್ಟ್ರಿಕಲ್ ತಗೊಳ್ಳುವ ಮೊದಲು

ಸಿಇಟಿ ರಿಸಲ್ಟ್ ಬಂದ ಮೇಲೆ ಡೊಂಬಿವಲಿ, ಕಲ್ಯಾಣ, ಠಾಣೆಯ ನಮ್ಮ ಕನ್ನಡದ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ಕಂಪ್ಯೂಟರ್ ಸಿಗದಿದ್ದರೆ ಎಲೆಕ್ಟ್ರಿಕಲ್ ನೋಡೋಣ." ದಯವಿಟ್ಟು ಹಾಗೆ ತಗೊಳ್ಳಬೇಡಿ. ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ನಾಲ್ಕು ವರ್ಷ ಏನು ಓದಬೇಕಾಗುತ್ತದೆ ಅಂತ ಮೊದಲು ತಿಳಿದುಕೊಳ್ಳಿ.

ದಿನಾ ಹತ್ತುವ ಲೋಕಲ್ ಟ್ರೇನನ್ನೇ ನೋಡಿ. 1925ರ ಫೆಬ್ರವರಿ 3ರಂದು ವಿಟಿಯಿಂದ (ಈಗಿನ ಸಿಎಸ್‌ಎಂಟಿ) ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಓಡಿದ್ದು 1,500 ವೋಲ್ಟ್ ಡಿಸಿಯಲ್ಲಿ. ಈಗ ನಮ್ಮ ತಲೆ ಮೇಲಿನ ತಂತಿಯಲ್ಲಿರುವುದು 25,000 ವೋಲ್ಟ್ ಎಸಿ. ಯಾಕೆ ಬದಲಾಯಿಸಿದರು? ಲೆಕ್ಕ ಹಾಕೋಣ. ಹತ್ತು ಲಕ್ಷ ವಾಟ್ ಬೇಕು ಅಂತಿಟ್ಟುಕೊಳ್ಳಿ. 1,500 ವೋಲ್ಟ್ ಇದ್ದರೆ ಸುಮಾರು 667 ಆಂಪಿಯರ್ ಹರಿಯಬೇಕು, 25,000 ಇದ್ದರೆ ಹೆಚ್ಚುಕಡಿಮೆ 40 ಸಾಕು. ತಂತಿ ಕಾಯ್ದು ಪೋಲಾಗುವ ಶಕ್ತಿ ಕರೆಂಟಿನ ವರ್ಗದಂತೆ ಏರುತ್ತದೆ. ಹಾಗಾಗಿ ಕರೆಂಟ್ ಹದಿನೇಳರಲ್ಲಿ ಒಂದು ಪಾಲಿಗೆ ಇಳಿದರೆ, ಅದೇ ತಂತಿಯಲ್ಲಿ ನಷ್ಟ ಸುಮಾರು 280ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ! ಆ ಎಸಿಯನ್ನು ಟ್ರಾನ್ಸ್‌ಫಾರ್ಮರ್ ಇಳಿಸುತ್ತದೆ, ಕನ್ವರ್ಟರ್ ಡಿಸಿ ಮಾಡುತ್ತದೆ, ಇನ್ವರ್ಟರ್ ಅದನ್ನು ಮತ್ತೆ ಮೂರು ಫೇಸ್ ಮಾಡಿ ಮೋಟರ್ ತಿರುಗಿಸುತ್ತದೆ. ಮಷೀನ್ಸ್, ಪವರ್ ಎಲೆಕ್ಟ್ರಾನಿಕ್ಸ್ ಎಂಬ ಎರಡು ದೊಡ್ಡ ವಿಷಯಗಳ ಹೂರಣ ಇದೇ.

ಆ ಕರೆಂಟ್ ತರುವ ಜಾಲವೇ ಕೈಕೊಟ್ಟರೆ? 2020ರ ಅಕ್ಟೋಬರ್ 12 ನೆನಪಿದೆಯಲ್ಲ? ಬೆಳಿಗ್ಗೆ ಹತ್ತರ ಸುಮಾರಿಗೆ ಮುಂಬೈ, ಠಾಣೆ, ನವಿ ಮುಂಬೈ ಎಲ್ಲೆಡೆ ಕರೆಂಟ್ ಹೋಯಿತು, ಲೋಕಲ್‌ಗಳು ಹಳಿ ಮೇಲೆ ನಿಂತವು. ಪಡಘಾ–ಕಳವಾ ನಡುವಿನ 400 ಕಿಲೋವೋಲ್ಟ್ ಮಾರ್ಗ ಟ್ರಿಪ್ ಆಗಿತ್ತು. ಒಂದು ಲೈನ್ ಬಿದ್ದರೆ ಅದರ ಹೊರೆ ಪಕ್ಕದ್ದರ ಮೇಲೆ. ಅದೂ ತಾಳದಿದ್ದರೆ ರಿಲೇ ಅದನ್ನೂ ಕಡಿದುಬಿಡುತ್ತದೆ. ಹೀಗೆ ಒಂದರ ಹಿಂದೆ ಒಂದು ಲೈನ್ ಬೀಳುವುದನ್ನು ತಡೆಯುವ ವಿದ್ಯೆಗೆ ಪವರ್ ಸಿಸ್ಟಮ್ ಪ್ರೊಟೆಕ್ಷನ್ ಅಂತ ಹೆಸರು. ನನ್ನ ಮಟ್ಟಿಗೆ ಇಡೀ ಕೋರ್ಸಿನ ಅತಿ ಜವಾಬ್ದಾರಿಯ ಪಾಠ ಅದು.

ಇದನ್ನೆಲ್ಲ ಓದುವ ಮನಸ್ಸಿದ್ದರೆ, ವಾಶಿಯ ಫಾದರ್ ರಾಡ್ರಿಗಸ್, ಕೋಪರಖೈರಣೆಯ ಲೋಕಮಾನ್ಯ ತಿಲಕ್ ಕಾಲೇಜುಗಳಲ್ಲಿ ಈ ಬ್ರಾಂಚ್ ಇದೆ. ಡಿಪ್ಲೊಮಾ ಮುಗಿಸಿದವರು ನೇರ ಎರಡನೇ ವರ್ಷಕ್ಕೆ ಸೇರಬಹುದು. ಆದರೆ ಗಣಿತ ಬಿಡುವಂತಿಲ್ಲ. ಕಾಂಪ್ಲೆಕ್ಸ್ ನಂಬರ್, ಲಾಪ್ಲಾಸ್ ಟ್ರಾನ್ಸ್‌ಫಾರ್ಮ್ ಮೊದಲ ಎರಡು ವರ್ಷದಲ್ಲೇ ಗಟ್ಟಿಯಾಗದಿದ್ದರೆ ಮುಂದೆ ಕೆ.ಟಿ. (ಫೇಲಾಗಿ ಬಾಕಿ ಉಳಿದ ವಿಷಯ) ಮೇಲೆ ಕೆ.ಟಿ. ಬೀಳುತ್ತದೆ.

ಪ್ರವೇಶದ ಕ್ಯಾಪ್ ರೌಂಡ್‌ನಲ್ಲಿ ಕಾಲೇಜಿನ ಆಯ್ಕೆ ತುಂಬುವ ಮುಂಚೆ ಕಾಲೇಜಿನ ಮಷೀನ್ ಲ್ಯಾಬ್ ನೋಡಿ ಬನ್ನಿ. ಮೋಟರ್‌ಗೆ ವಿದ್ಯಾರ್ಥಿಗಳೇ ವೈರ್ ಜೋಡಿಸುತ್ತಾರಾ ಅಂತ ಸೀನಿಯರ್‌ಗಳನ್ನು ಕೇಳಿ. ಅಪ್ಪ ಅಮ್ಮಂದಿರೇ, ನೀವೂ ಜೊತೆಗೆ ಹೋಗಿ.