ಹುಣಸೆ ಬೀಜದ ಲೆಕ್ಕ

(ಸಂಜೆಯ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಸ್ಲೇಟು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಮಗ್ಗಿ ಕೇಳೋದಿಲ್ಲ, ಹೆದರಬೇಡಿ. ಲೆಕ್ಕ ಅಂದರೆ ನಮಗೆ ನೆನಪಾಗುವುದು ಸಾಲ, ಬಡ್ಡಿ, ಅಂಗಡಿ ಬಾಕಿ. ಇವತ್ತು ಅದೇನೂ ಬೇಡ. ಲೆಕ್ಕದ ಜೊತೆ ಆಟ ಆಡೋಣ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ನಮ್ಮ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಿದ್ದರು. ಅಕ್ಷರ ಬೇಗ ಕಲಿತರು. ಮಗ್ಗಿ ಹೇಳಿ ಅಂದರೆ ಮಾತ್ರ ಬಾಯಿ ಕಟ್ಟುತ್ತಿತ್ತು. ಒಂದು ದಿನ ನಾನು ಎಲ್ಲರ ಮುಂದೆ, "ಇಷ್ಟೂ ಬರೋದಿಲ್ವಾ?" ಅಂದುಬಿಟ್ಟೆ. ಮಾರನೇ ದಿನದಿಂದ ಅವರು ಬರಲಿಲ್ಲ.

ಹದಿನೈದು ದಿನ ಕಾದೆ. ಆಮೇಲೆ ಬೆಳಿಗ್ಗೆ ಎದ್ದು ಅವರ ಮನೆಗೆ ಹೋದೆ. ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದರು. ತಲೆ ಎತ್ತಲಿಲ್ಲ. "ಲೆಕ್ಕ ನನ್ನ ತಲೆಗೆ ಹತ್ತೋದಿಲ್ಲ ಬಿಡಿ ಟೀಚರ್" ಅಂದರು.

ಮೇಲೆ 1 ಚುಕ್ಕಿ. ಅದರ ಕೆಳಗೆ 3. ಆಮೇಲೆ 5, 7, 9. ಮತ್ತೆ 7, 5, 3, 1. ಎಲ್ಲ ನೇರ ಚುಕ್ಕಿ. ಒಂದನ್ನೂ ಅಳಿಸಲಿಲ್ಲ.

"ಒಟ್ಟು ಎಷ್ಟು ಚುಕ್ಕಿ ಅಕ್ಕಾ?" ಅಂತ ಕೇಳಿದೆ. ನಾನೂ ಮನಸ್ಸಿನಲ್ಲಿ ಕೂಡುತ್ತಿದ್ದೆ. ಅವರು ನನಗಿಂತ ಮೊದಲೇ "41" ಅಂದರು.

ಹೇಗೆ ಗೊತ್ತಾಯಿತು?

"ಓರೆಯಾಗಿ ನೋಡಿ ಟೀಚರ್. ಐದೈದು ಚುಕ್ಕಿಯ ಸಾಲು 5 ಇದೆ. ಅದರ ಸಂದಿಯಲ್ಲಿ ನಾಲ್ಕು ನಾಲ್ಕರ ಸಾಲು 4 ಇದೆ."

ಐದೈದ್ಲೆ 25. ನಾಲ್ಕ್ ನಾಲ್ಕಲೆ 16. ಕೂಡಿದರೆ 41! ಅಲ್ಲೇ ಕುಕ್ಕರುಗಾಲಲ್ಲಿ ಕೂತು ಎಣಿಸಿದೆ. ಸರಿಯಾಗೇ ಇತ್ತು. ಟೀಚರ್ ಟ್ರೈನಿಂಗಿನಲ್ಲಿ ನನಗೆ ಇದನ್ನು ಯಾರೂ ತೋರಿಸಿರಲಿಲ್ಲ. ತಪ್ಪಾಯಿತು ಅಕ್ಕಾ ಅಂದೆ. ಅವರು ಒಳಗೆ ಹೋಗಿ ಕಾಫಿ ತಂದರು.

ಈಗ ನೀವು ಮಾಡಿ. ಹುಣಸೆ ಬೀಜ ತಂದಿದ್ದೇನೆ. ಒಂದು ಬೀಜ ಇಡಿ. ಬಲಕ್ಕೆ ಒಂದು, ಕೆಳಕ್ಕೆ ಒಂದು, ಮೂಲೆಗೆ ಒಂದು ಇಡಿ. 3 ಸೇರಿತು. 2 ಸಾಲು, ಸಾಲಿಗೆ 2. ಒಟ್ಟು 4. ಅದರ ಬಲಕ್ಕೂ ಕೆಳಕ್ಕೂ ಗೋಡೆ ಕಟ್ಟಿದ ಹಾಗೆ 5 ಇಡಿ. 3 ಸಾಲು, ಸಾಲಿಗೆ 3. ಒಟ್ಟು 9. ಇನ್ನು 7 ಇಡಿ. 16 ಆಯಿತು. ಪ್ರತಿ ಸಲ ಚೌಕವೇ ಬರುತ್ತದೆ.

3, 5, 7 ಬೆಸ ಸಂಖ್ಯೆಗಳು. ಬೆಸವೇ ಯಾಕೆ ಬೇಕು? ಬಲಕ್ಕೆ ಎಷ್ಟೋ ಕೆಳಕ್ಕೂ ಅಷ್ಟೇ ಬೀಜ. ಮೂಲೆಗೆ ಒಂದು ಹೆಚ್ಚು. ಆ ಒಂದರಿಂದ ಬೆಸ ಆಗುತ್ತದೆ. ನೋಡಿ, ಕೈಗೇ ತಿಳಿಯಿತು.

ಇನ್ನೊಂದು ಆಟ. ಮಹಾರಾಷ್ಟ್ರದ ನಾಸಿಕದ ಹತ್ತಿರ ದೇವಳಾಲಿ ಅಂತ ಊರಿದೆ. ಅಲ್ಲಿ ಕಾಪ್ರೇಕರ್ ಎಂಬ ಮೇಷ್ಟ್ರು ಇದ್ದರು. 1905ರಲ್ಲಿ ಹುಟ್ಟಿದವರು. ನನ್ನ ಹಾಗೆ ಶಾಲೆ ಮೇಷ್ಟ್ರೇ. ಬಿಡುವಿನಲ್ಲಿ ಅಂಕಿಗಳ ಜೊತೆ ಆಡುವುದೇ ಅವರಿಗೆ ಖುಷಿ. ಅವರು ಕಂಡುಹಿಡಿದ 6174 ಎಂಬ ಸಂಖ್ಯೆ ಲೋಕಕ್ಕೆಲ್ಲ ಗೊತ್ತು. ಅದು 4 ಅಂಕಿಯ ಆಟ. ನಾವು 3 ಅಂಕಿಯದ್ದು ಆಡೋಣ.

381 ತಗೊಳ್ಳಿ. ಈ ಅಂಕಿಗಳಿಂದ ಆಗುವ ದೊಡ್ಡ ಸಂಖ್ಯೆ 831. ಚಿಕ್ಕದು 138. ಕಳೆಯಿರಿ. 693. ಮತ್ತೆ ಹಾಗೇ, 963ರಲ್ಲಿ 369 ಕಳೆದರೆ 594. ಇನ್ನೊಮ್ಮೆ, 954ರಲ್ಲಿ 459 ಕಳೆದರೆ 495. ಮುಂದೆ ಎಷ್ಟು ಸಲ ಮಾಡಿದರೂ 495! ಬೇರೆ ಯಾವ ಸಂಖ್ಯೆ ಹಿಡಿದರೂ ಕೊನೆಗೆ ಅಲ್ಲಿಗೇ ಬರುತ್ತೀರಿ. 222, 555ರ ಹಾಗೆ ಮೂರೂ ಒಂದೇ ಅಂಕಿ ಇರಬಾರದು, ಅಷ್ಟೇ. ಕಳೆದಾಗ 99 ಬಂದರೆ 099 ಅಂತ ಬರೆದು ಮುಂದುವರಿಸಿ.

ತಪ್ಪಿದರೆ ಹೇಗೆ ತಿಳಿಯುತ್ತೆ? ಕಳೆದಾಗ ನಡುವಿನ ಅಂಕಿ ಯಾವಾಗಲೂ 9. ಅಕ್ಕಪಕ್ಕದ ಎರಡು ಅಂಕಿ ಕೂಡಿದರೂ 9. ಟೀಚರನ್ನು ಕೇಳುವುದೇ ಬೇಡ.

ಆ ಅಕ್ಕ ಇವತ್ತು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಈ ಬೀಜಗಳನ್ನು ಒಗ್ಗೂಡಿಸಿ ತಂದವರೂ ಅವರೇ. 4 ಅಂಕಿಯ ಆಟ ಅವರಿಗೆ ಬರುತ್ತೆ. ಬನ್ನಿ ಅಕ್ಕಾ, ಮುಂದೆ ಬನ್ನಿ. ಸೀಮೆಸುಣ್ಣ ತಗೊಳ್ಳಿ.