ಹೊಳೆಯ ಕಸಕ್ಕೆ ಬ್ಯಾಕ್ಟೀರಿಯಾ ಮದ್ದಾದೀತೆ?

(ಹುಣಸೂರಿನಲ್ಲಿ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಬ್ರಹ್ಮಗಿರಿಯ ಕಾಡಿನಲ್ಲಿ ಹುಟ್ಟಿ, ಇರ್ಪುವಿನಲ್ಲಿ ಧುಮುಕಿ, ಹುಣಸೂರನ್ನು ಹಾದು ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡುವ ಲಕ್ಷ್ಮಣತೀರ್ಥ ನಮ್ಮೆಲ್ಲರ ಹೊಳೆ. ಅದರ ದಡದ ಪೊದೆಗಳಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲಗಳನ್ನು ತಾವು ನೋಡಿದ್ದೀರಿ. "ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯಾ ಸಿಕ್ಕಿದೆಯಂತೆ, ಅದನ್ನೇ ಹೊಳೆಗೆ ಬಿಟ್ಟರಾಯಿತಲ್ಲ?" ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ಸಾವಧಾನವಾಗಿ ವಿಚಾರಿಸೋಣ.

ಸುದ್ದಿ ಸುಳ್ಳಲ್ಲ. ಜಪಾನಿನ ಸಕಾಯ್ ನಗರದಲ್ಲಿ ಬಾಟಲಿಗಳ ಮರುಬಳಕೆ ಘಟಕವೊಂದರ ಬಳಿ ಸಂಗ್ರಹಿಸಿದ ಮಾದರಿಯಲ್ಲಿ ದೊರೆತ 'ಇಡಿಯೊನೆಲ್ಲ ಸಕಾಯೆನ್ಸಿಸ್' ಎಂಬ ಬ್ಯಾಕ್ಟೀರಿಯಾವನ್ನು ವಿಜ್ಞಾನಿಗಳು 2016ರಲ್ಲಿ ಲೋಕಕ್ಕೆ ಪರಿಚಯಿಸಿದರು. ನೀರಿನ ಬಾಟಲಿಗೆ ಬಳಸುವ 'ಪೆಟ್' ಪ್ಲಾಸ್ಟಿಕ್ಕೇ ಅದರ ಆಹಾರ. ಅದು ಎರಡು ಕಿಣ್ವಗಳಿಂದ ಪ್ಲಾಸ್ಟಿಕ್ಕಿನ ಸರಪಳಿಯನ್ನು ಕತ್ತರಿಸಿ ಮೂಲವಸ್ತುಗಳಾಗಿ ಬಿಡಿಸುತ್ತದೆ. ಆದರೆ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ತೆಳುವಾದ ಹಾಳೆಯೊಂದನ್ನು ಕರಗಿಸಲು ಅದಕ್ಕೆ ಸುಮಾರು 6 ವಾರ ಹಿಡಿಯಿತು. ಆ ಹಾಳೆಯೂ ಮೃದುವಾದದ್ದು. ಬಾಟಲಿಯ ಪ್ಲಾಸ್ಟಿಕ್ ಅದಕ್ಕಿಂತ ಬಿಗಿಯಾದದ್ದು.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಕಾಡಿನ ತರಗೆಲೆ ಕೊಳೆಯುವಾಗ ಅದರ ಮೇಲಿನ ಮೇಣದಂಥ ಪೊರೆಯನ್ನು ಸೂಕ್ಷ್ಮಜೀವಿಗಳ ಕಿಣ್ವಗಳು ಸೀಳುತ್ತವೆ. ಆ ಪೊರೆಯಲ್ಲಿರುವ ಎಸ್ಟರ್ ಎಂಬ ಕೊಂಡಿಯೇ ಪೆಟ್‌ನಲ್ಲಿಯೂ ಇದೆ. ಆದ್ದರಿಂದ ಅದು ತುಂಡಾಗುತ್ತದೆ. ಸಂತೆಯ ಕ್ಯಾರಿಬ್ಯಾಗು ಪಾಲಿಥೀನ್. ಗೊಬ್ಬರದ ಚೀಲ ಪಾಲಿಪ್ರೊಪಿಲೀನ್. ಇವುಗಳ ಸರಪಳಿಯಲ್ಲಿ ಆ ಕೊಂಡಿಯೇ ಇಲ್ಲ. ಹೊಳೆದಂಡೆಯ ಚೀಲಗಳನ್ನು ಸಕಾಯ್‌ನ ಬ್ಯಾಕ್ಟೀರಿಯಾ ಮುಟ್ಟಲಾರದು.

ಹಾಗಾದರೆ ಈ ವಿಜ್ಞಾನ ವ್ಯರ್ಥವೇ? ಖಂಡಿತ ಅಲ್ಲ. ಫ್ರಾನ್ಸಿನ ವಿಜ್ಞಾನಿಗಳು ಎಲೆಗೊಬ್ಬರದಲ್ಲಿ ದೊರೆತ ಇಂಥದೇ ಕಿಣ್ವವೊಂದನ್ನು ಮಾರ್ಪಡಿಸಿ, 72 ಡಿಗ್ರಿಯಲ್ಲಿ 10 ಗಂಟೆಗಳೊಳಗೆ ಶೇಕಡ 90ರಷ್ಟು ಪೆಟ್ಟನ್ನು ಬಿಡಿಸಿ 2020ರಲ್ಲಿ ತೋರಿಸಿದರು. ಆದರೆ ಅದು ನಡೆದದ್ದು ಹೊಳೆಯಲ್ಲಲ್ಲ, ಮುಚ್ಚಿದ ಪಾತ್ರೆಯಲ್ಲಿ; ಪ್ಲಾಸ್ಟಿಕ್ಕನ್ನು ಮೊದಲೇ ಹದಗೊಳಿಸಿ ಪುಡಿಮಾಡಿದ ಮೇಲೆ. ಅಂದರೆ ಬಾಟಲಿಗಳನ್ನು ಆರಿಸಿ, ಬೇರ್ಪಡಿಸಿ ಕೊಡುವವರು ಬೇಕು. ಕೆಲಸ ಮರಳಿ ನಮ್ಮ ಅಂಗಳಕ್ಕೇ ಬಂತು.

ಕರ್ನಾಟಕವು 2016ರ ಮಾರ್ಚಿಯಲ್ಲಿಯೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಏಕಬಳಕೆಯ ಹಲವು ವಸ್ತುಗಳ ನಿಷೇಧ 2022ರ ಜುಲೈ 1ರಿಂದ ದೇಶಕ್ಕೇ ಅನ್ವಯಿಸಿತು. ಕಾನೂನು ಕಾಗದದಿಂದ ಸಂತೆಗೆ ಇಳಿಯಬೇಕಾದರೆ ನಮ್ಮ ಕೈಯಲ್ಲಿ ಬಟ್ಟೆಯ ಚೀಲವಿರಬೇಕು. ಬಾಟಲಿಗಳನ್ನು ಬೇರೆಯಾಗಿ ಕೂಡಿಟ್ಟು ಪಂಚಾಯಿತಿಯ ಕಸದ ಗಾಡಿಗೆ ಕೊಡೋಣ. ಗಾಡಿ ಬಾರದಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳೋಣ. ಬದುವಿನಲ್ಲಿ ಪ್ಲಾಸ್ಟಿಕ್ ಸುಡುವುದನ್ನು ಇಂದೇ ನಿಲ್ಲಿಸೋಣ.

ಮೇಲಿನವರು ಎಸೆದದ್ದು ಕೆಳಗಿನವರ ಪಾಲಿಗೆ ಬರುತ್ತದೆ. ಹೊಳೆಗೆ ಬಿಡಬೇಕಾದದ್ದು ಬ್ಯಾಕ್ಟೀರಿಯಾವನ್ನಲ್ಲ. ಬಿಡಬೇಕಾದದ್ದು ಹೊಳೆಗೆ ಎಸೆಯುವ ನಮ್ಮ ಚಾಳಿಯನ್ನು.