ಇಂಡೋನೇಷ್ಯದಲ್ಲಿ ಕಂಡ ತಾಯಿಮನೆ

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಯಜಮಾನರ ಕೆಲಸದ ಕಾರಣ ನಾವು ಕೆಲವು ವರ್ಷ ಜಕಾರ್ತದಲ್ಲಿದ್ದೆವು. ಅಲ್ಲಿನ ಜನಜೀವನದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕಾರ್ಯದರ್ಶಿಯವರು ಕೇಳಿದ್ದಾರೆ. ಸುಮಾರು 17,000 ದ್ವೀಪಗಳು, 700ಕ್ಕೂ ಹೆಚ್ಚು ಭಾಷೆಗಳು ಇರುವ ದೇಶ ಅದು. ಎಲ್ಲವನ್ನೂ ಹೇಳಲಾಗದು. ನನ್ನ ಮನಸ್ಸಿಗೆ ಹತ್ತಿರವಾದದ್ದನ್ನು ಮಾತ್ರ ಹೇಳುತ್ತೇನೆ.

ಮೊದಲು ಅವರ ಮಾತು. ಹೋದ ಹೊಸದರಲ್ಲಿ ಒಬ್ಬರು ಇವರನ್ನು "ಇಸ್ತ್ರಿ ಎಲ್ಲಿ?" ಎಂದು ಕೇಳಿದರಂತೆ. ಇವರು ಬಟ್ಟೆಯ ವಿಷಯ ಅಂದುಕೊಂಡರು! ಅಲ್ಲಿ ಇಸ್ತ್ರಿ ಅಂದರೆ ಹೆಂಡತಿ, ಅಂದರೆ ನಮ್ಮ ಸ್ತ್ರೀ. ಗಂಡ ಸುಆಮಿ. ತಲೆ ಕೆಪಾಲ, ಉಪವಾಸ ಪುಆಸ. ಜಗತ್ತಿನಲ್ಲೇ ಅತಿ ಹೆಚ್ಚು ಮುಸ್ಲಿಮರಿರುವ ದೇಶ, ಆದರೆ ರಂಜಾನ್ ಉಪವಾಸಕ್ಕೂ ಇದೇ ಪುಆಸ ಎನ್ನುವ ಪದ. ಜಾವಾದ ಹಳ್ಳಿಗಳಲ್ಲಿ ರಾತ್ರಿಯಿಡೀ ರಾಮಾಯಣ, ಮಹಾಭಾರತದ ವಯಾಂಗ್ ಆಟ ನಡೆಯುತ್ತದೆ. ನಮ್ಮ ತೊಗಲುಗೊಂಬೆಯಾಟದ ಹಾಗೆ ಚರ್ಮದ ಗೊಂಬೆ, ಪರದೆ, ದೀಪ.

ಹೆಂಗಸರ ದಿನಚರಿಯಲ್ಲಿ ನನಗೆ ಬೇಗ ಒಗ್ಗಿದ್ದು ಅರಿಸಾನ್. ನೆರೆಹೊರೆಯವರು ತಿಂಗಳಿಗೊಮ್ಮೆ ಸೇರಿ ತಲಾ ಇಷ್ಟು ಹಣ ಹಾಕುತ್ತಾರೆ. ಚೀಟಿಯಲ್ಲಿ ಹೆಸರು ಬಂದವರಿಗೆ ಆ ತಿಂಗಳ ಮೊತ್ತ. ಪುಣೆಯಲ್ಲಿ ನಾವು ಭಿಶಿ ಅನ್ನುತ್ತೇವಲ್ಲ, ಅದೇ! ಹಣ ಒಂದು ನೆಪ, ಮಾತುಕತೆಯೇ ಮುಖ್ಯ. ಜೊತೆಗೆ ಗಾದೊ-ಗಾದೊ ತಿನ್ನುವುದು: ಬೇಯಿಸಿದ ತರಕಾರಿಯ ಮೇಲೆ ಶೇಂಗಾ, ಬೆಲ್ಲ, ಹುಣಸೆ, ಮೆಣಸಿನಕಾಯಿ ಅರೆದು ಮಾಡಿದ ಗೊಜ್ಜು. ಶೇಂಗಾ ಚಟ್ನಿ ಇಲ್ಲದೆ ಊಟವಿಲ್ಲ ಎನ್ನುವ ನಮ್ಮ ಬೆಳಗಾವಿ, ಧಾರವಾಡದ ಗೆಳತಿಯರಿಗೆ ಇದು ಖಂಡಿತ ಹಿಡಿಸುತ್ತದೆ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಇಂಡೋನೇಷ್ಯದ ಯಾವ ಊರಿಗೆ ಹೋದರೂ ಪಾದಾಂಗ್ ಹೋಟೆಲ್ ಇರುತ್ತದೆ. ಮಾಣಿ ಒಂದೇ ತೋಳಿನ ಮೇಲೆ ತಟ್ಟೆಗಳ ಸಾಲು ಪೇರಿಸಿಕೊಂಡು ಬಂದು ಎಲ್ಲವನ್ನೂ ಮೇಜಿನ ಮೇಲೆ ಇಡುತ್ತಾನೆ. ತಿಂದಷ್ಟಕ್ಕೆ ದುಡ್ಡು. ಅವರ ಕೋಳಿ ಗುಲೈ ಬಾಯಿಗಿಟ್ಟಾಗ ನನಗೆ ಊರಿನ ಕೋರಿ ಗಸಿಯೇ ನೆನಪಾಯಿತು. ಈ ಹೋಟೆಲಿನವರು ಪಶ್ಚಿಮ ಸುಮಾತ್ರದ ಮಿನಂಗ್‌ಕಬಾವ್ ಜನ. ಗಂಡುಮಕ್ಕಳು ವಯಸ್ಸಿಗೆ ಬಂದ ಮೇಲೆ ಊರು ಬಿಟ್ಟು ದುಡಿಯಲು ಹೋಗುವುದು ಅವರ ಪದ್ಧತಿ. ನಮ್ಮ ಕರಾವಳಿಯವರು ಮುಂಬಯಿ, ಪುಣೆಗೆ ಬಂದು ಉಡುಪಿ ಹೋಟೆಲ್ ಇಟ್ಟ ಹಾಗೆ.

ಗಂಡಸರು ಊರು ಬಿಟ್ಟರೆ ಮನೆ ಯಾರದು? ಹೆಂಗಸರದು. ಮಿನಂಗ್‌ಕಬಾವರಲ್ಲಿ ಪೂರ್ವಜರ ಮನೆ, ಗದ್ದೆ ಎಲ್ಲ ತಾಯಿಯಿಂದ ಮಗಳಿಗೆ ಹೋಗುತ್ತದೆ. ಅವರು ನಿಷ್ಠಾವಂತ ಮುಸ್ಲಿಮರು, ಆದರೂ ಈ ಪದ್ಧತಿ ಬಿಟ್ಟಿಲ್ಲ. ಎಮ್ಮೆಯ ಕೊಂಬಿನಂತೆ ಬಾಗಿದ ಮಾಡಿನ ದೊಡ್ಡ ಮನೆ, ಮದುವೆಯಾದ ಹೆಣ್ಣುಮಕ್ಕಳಿಗೆ ಒಂದೊಂದು ಕೋಣೆ. ಗಂಡ ಅಲ್ಲಿ ಗೌರವದ ಅತಿಥಿ. ಮಕ್ಕಳ ಮೇಲ್ವಿಚಾರಣೆ ತಾಯಿಯ ಅಣ್ಣತಮ್ಮಂದಿರದು. ಆ ಮಾವನನ್ನು ಅವರು ಮಾಮಕ್ ಎನ್ನುತ್ತಾರೆ.

ನನಗೆ ಇದು ಹೊಸದಲ್ಲ. ನನ್ನ ಮನೆಮಾತು ತುಳು, ನನ್ನ ಅಜ್ಜಿಯದು ಅಳಿಯಸಂತಾನದ ಕುಟುಂಬ. ನಮ್ಮಲ್ಲೂ ಸಂತಾನ ಹೆಣ್ಣಿನ ಕಡೆಯಿಂದ, ಯಜಮಾನಿಕೆ ಸೋದರಮಾವನಿಂದ ಅಳಿಯನಿಗೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಆಸ್ತಿ ಇಳಿಯುವ ದಾರಿಯೇ ಬದಲಾಯಿತು. ದೊಡ್ಡ ಮನೆಗಳು ಪಾಲಾದವು.

ಮಿನಂಗ್‌ಕಬಾವರು ಮಾತ್ರ ಒಂದು ಕಟ್ಟುಪಾಡು ಇಟ್ಟುಕೊಂಡಿದ್ದಾರೆ. ಪೂರ್ವಜರ ಆಸ್ತಿಯನ್ನು ಮಾರುವಂತಿಲ್ಲ. ಅಡವಿಡುವುದಕ್ಕೂ ನಾಲ್ಕೇ ಕಾರಣ: ಮನೆಯಲ್ಲಿ ಶವವಿದ್ದು ಸಂಸ್ಕಾರಕ್ಕೆ ಹಣವಿಲ್ಲದಾಗ, ಬೆಳೆದ ಮಗಳ ಮದುವೆಯಾಗದಿದ್ದಾಗ, ದೊಡ್ಡ ಮನೆಯ ಮಾಡು ಸೋರುವಾಗ, ಕುಲದ ಮುಖ್ಯಸ್ಥನ ಪಟ್ಟ ನಿಂತುಹೋಗಿದ್ದು ಅದನ್ನು ಮತ್ತೆ ಎತ್ತಿ ಹಿಡಿಯಬೇಕಾದಾಗ. ಅದೂ ಕುಟುಂಬದವರೆಲ್ಲ ಕೂತು ಒಪ್ಪಬೇಕು. ಹಾಗೆಂದು ಅಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ಈಗ ಹೆಣ್ಣುಮಕ್ಕಳೂ ಓದಿ ಊರು ಬಿಡುತ್ತಾರೆ, ಹಲವು ದೊಡ್ಡ ಮನೆಗಳು ಖಾಲಿ ನಿಂತಿವೆ. ಆದರೂ ಹೆಣ್ಣನ್ನು ಕೇಳದೆ ಆ ಮನೆಯ ಮಾತು ಮುಗಿಯುವುದಿಲ್ಲ.

ಗೆಳತಿಯರೇ, ಇಲ್ಲಿ ನಮ್ಮ ಸ್ಥಿತಿ ನೋಡಿ. ಊರಿನಿಂದ ಫೋನ್ ಬರುತ್ತದೆ: "ಅಕ್ಕಾ, ಒಂದು ಸಹಿ ಬೇಕಿತ್ತು, ಸುಮ್ಮನೆ ಫಾರ್ಮಾಲಿಟಿ." ನಾವು ರೈಲು ಹತ್ತಿ ಹೋಗಿ, ತಮ್ಮನ ಮೇಲಿನ ಪ್ರೀತಿಯಿಂದ, ಓದದೆಯೇ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಕುಪ್ಪಸದ ಕಣ ಪಡೆದು ಬರುತ್ತೇವೆ. 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಕಾನೂನು ಕೊಟ್ಟದ್ದನ್ನು ಸಂಕೋಚದಿಂದ ಬಿಟ್ಟುಕೊಡುವವರು ನಾವೇ.

ತಮ್ಮಂದಿರ ಜೊತೆ ಜಗಳ ಮಾಡಿ ಎಂದು ನಾನು ಹೇಳುತ್ತಿಲ್ಲ. ಬಿಟ್ಟುಕೊಡಬೇಕೆನಿಸಿದರೆ ಸಂತೋಷದಿಂದ ಬಿಡಿ. ಆದರೆ ಏನು ಬಿಡುತ್ತಿದ್ದೇವೆ ಎಂದು ತಿಳಿದು ಬಿಡಿ. ಕಾಗದವನ್ನು ಮನೆಗೆ ತಂದು ಓದಿ. ಕನ್ನಡ ಓದಲು ಬಾರದ ಮಗಳಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಓದಿ ಹೇಳಿ, ಅದು ನಾಳೆ ಅವಳ ವಿಷಯವೂ ಹೌದು. ಅರ್ಥವಾಗದಿದ್ದರೆ ಈ ವೇದಿಕೆಗೆ ತನ್ನಿ. ನಮ್ಮಲ್ಲಿಯೇ ವಕೀಲರಿದ್ದಾರೆ, ಮುಂದಿನ ತಿಂಗಳು ಭಿಶಿ ಮುಗಿದ ಮೇಲೆ ಒಂದು ಗಂಟೆ ಇದಕ್ಕೇ ಇಡೋಣ ಎಂದು ಅಧ್ಯಕ್ಷರಲ್ಲಿ ವಿನಂತಿಸುತ್ತೇನೆ.

ಇಂಡೋನೇಷ್ಯದವರದೊಂದು ಗಾದೆ ಇದೆ: ಯಾವ ನೆಲದ ಮೇಲೆ ಕಾಲಿಟ್ಟಿದ್ದೀಯೋ ಅಲ್ಲಿಯ ಆಕಾಶವನ್ನೇ ಎತ್ತಿ ಹಿಡಿ. ಪುಣೆಯ ಆಕಾಶವನ್ನು ನಾವೆಲ್ಲ ಚೆನ್ನಾಗಿಯೇ ಎತ್ತಿ ಹಿಡಿದಿದ್ದೇವೆ. ಊರಿನ ಮನೆಯ ಮಾಡು ಸೋರುತ್ತಿದೆಯೇ ಎಂದು ಕೇಳುವ ಹಕ್ಕನ್ನೂ ಇಟ್ಟುಕೊಳ್ಳೋಣ.